ಮೊಳಕೆಯ ಮೇಲೂ ತೆರಿಗೆ!

‘ಮಾಲ್ಟ್’ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ರಾಗಿ ಮಾಲ್ಟ್. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟು ಅದು. ಇಂಗ್ಲೆಂಡಿನಲ್ಲಿ ಇದೇ ಕೆಲಸವನ್ನು ಬಾರ್ಲಿ, ಅಂದರೆ ಜವೆಗೋಧಿಯಿಂದ ಮಾಡುತ್ತಿದ್ದರು. ಇಲ್ಲಿ ಮೊಳಕೆಯ ಹಿಟ್ಟು ಮಗುವಿನ ಬಟ್ಟಲು ಸೇರಿದರೆ, ಅಲ್ಲಿ ಬಿಯರ್ ಪೀಪಾಯಿ ಸೇರುತ್ತಿತ್ತು. ರೊಟ್ಟಿ ಸುಡುವಷ್ಟೇ ಸಹಜವಾದ ಮನೆಗೆಲಸವಾಗಿದ್ದ ಈ ಬಿಯರ್ ತಯಾರಿಕೆ ಮುಂದೆ ಅಲ್ಲಿನ ಬಡವರ ಮನೆಗಳಿಂದ ಮರೆಯಾಯಿತು. ಅದಕ್ಕಿದ್ದ ಕಾರಣಗಳಲ್ಲಿ ದೊಡ್ಡದು, ಮೊಳಕೆಯ ಮೇಲೆ ಬಿದ್ದ ಸರ್ಕಾರದ ಕಣ್ಣು.

ಮೊಳಕೆ ಏಕೆ ಬೇಕು?

ಬಿಯರ್‌ಗೆ ಅಮಲು ತರುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಅದು ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನು ಕೊಡುತ್ತದೆ. ಆದರೆ ಬಾರ್ಲಿಯಲ್ಲಿರುವುದು ಬಹುಪಾಲು ಪಿಷ್ಟ; ಯೀಸ್ಟ್‌ಗೆ ಅದು ಜೀರ್ಣವಾಗದು. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಉಪಾಯ ಕಾಳಿನೊಳಗೇ ಇದೆ. ನೀರು ತಾಕಿ ಜೀವ ತಳೆದ ಕಾಳು, ತನ್ನ ಎಳೆ ಸಸಿಯನ್ನು ಸಾಕಲು ಕೆಲವು ಕಿಣ್ವಗಳನ್ನು ಸಿದ್ಧಮಾಡಿಕೊಳ್ಳುತ್ತದೆ. ಕಿಣ್ವ ತಯಾರಾಗಿರಬೇಕು, ಪಿಷ್ಟ ಮಾತ್ರ ಖರ್ಚಾಗಿರಬಾರದು. ಆ ಗಳಿಗೆಯಲ್ಲಿ ಮೊಳಕೆಯನ್ನು ತಡೆದು ನಿಲ್ಲಿಸುವುದೇ ಮಾಲ್ಟ್ ತಯಾರಿಕೆಯ ಗುಟ್ಟು.

ವಿಜ್ಞಾನಕ್ಕೂ ಈ ಮೊಳಕೆಯ ಋಣ ಉಂಟು. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬ ರಸಾಯನಶಾಸ್ತ್ರಜ್ಞರು ಮೊಳಕೆ ಬಾರ್ಲಿಯ ಸಾರದಿಂದ ಪಿಷ್ಟ ಕರಗಿಸುವ ವಸ್ತುವೊಂದನ್ನು ಬೇರ್ಪಡಿಸಿ ‘ಡಯಾಸ್ಟೇಸ್’ ಎಂದು ಕರೆದರು. ಹೀಗೆ ಬೇರ್ಪಡಿಸಲಾದ ಮೊದಲ ಕಿಣ್ವ ಅದು.

ವಾರವಿಡೀ ಕಾವಲು

ಕೆಲಸ ಸರಳ, ಬೇಕಾದುದು ತಾಳ್ಮೆ. ಬಾರ್ಲಿಯನ್ನು ಸುಮಾರು ಎರಡು ದಿನ ನೆನೆಸಬೇಕು. ನಡುನಡುವೆ ನೀರು ಬಸಿದು ಗಾಳಿಯಾಡಲು ಬಿಡದಿದ್ದರೆ ಕಾಳು ಉಸಿರುಕಟ್ಟಿ ಸಾಯುತ್ತದೆ. ಒಣ ಕಾಳಿನಲ್ಲಿ ಶೇ 12ರ ಆಸುಪಾಸಿನಲ್ಲಿದ್ದ ತೇವಾಂಶ ಶೇ 45ರ ಹತ್ತಿರ ಬಂದಾಗ ಅದನ್ನು ತಂಪಾದ ನೆಲದ ಮೇಲೆ ಹರಡುತ್ತಾರೆ. ಮೊಳೆಯುವ ಕಾಳು ತಾನೇ ಬಿಸಿಯಾಗುತ್ತದೆ, ಬೇರುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆದ್ದರಿಂದ ನಾಲ್ಕೈದು ದಿನ, ಹಗಲು ರಾತ್ರಿ ಎನ್ನದೆ ಅದನ್ನು ಸಲಿಕೆಯಿಂದ ತಿರುವಿಹಾಕುತ್ತಿರಬೇಕು. ಈ ದುಡಿಮೆಯಿಂದ ಜೋತುಬೀಳುತ್ತಿದ್ದ ಕೆಲಸಗಾರರ ತೋಳಿಗೆ ಸ್ಕಾಟ್ಲೆಂಡಿನಲ್ಲಿ ‘ಮಂಗನ ಭುಜ’ ಎಂಬ ಅಡ್ಡಹೆಸರೇ ಇತ್ತು.

ಹದ ತಿಳಿಯಲು ಯಂತ್ರ ಬೇಕಿಲ್ಲ. ಕಾಳನ್ನು ಬೆರಳುಗಳ ನಡುವೆ ಹೊಸಕಿದಾಗ ಸುಣ್ಣದ ಹಾಗೆ ನುಣ್ಣಗೆ ಹರಡಿದರೆ ಸಾಕು. ಬಳಿಕ ಗೂಡಿನಲ್ಲಿ ನಿಧಾನವಾಗಿ ಒಣಗಿಸುತ್ತಾರೆ. ಕಾಳು ಒದ್ದೆಯಿರುವಾಗಲೇ ಕಾವು ಜೋರಾದರೆ ಕಿಣ್ವ ಸತ್ತು, ಪಟ್ಟ ಶ್ರಮವೆಲ್ಲ ನೀರುಪಾಲು. ಒಣಗಿದ ಮೇಲೆ ಉಜ್ಜಿ ತೆಗೆದ ಬೇರುಗಳು ದನಗಳ ಪಾಲು.

ತೊಟ್ಟಿಯ ಬಳಿ ಅಧಿಕಾರಿ

ಹೀಗೆ ನೀರು, ನೆಲ, ಬೆಂಕಿ ಇದ್ದವರೆಲ್ಲ ಮಾಡಬಹುದಾಗಿದ್ದ ಕೆಲಸದ ಮೇಲೆ 1697ರಲ್ಲಿ ಇಂಗ್ಲೆಂಡ್ ಮಾಲ್ಟ್ ತೆರಿಗೆ ಹೇರಿತು. ಕಾರಣ ಯುದ್ಧದ ಖರ್ಚು. ತೆರಿಗೆ ಅಧಿಕಾರಿ ಬಂದು ತೊಟ್ಟಿಯಲ್ಲಿ ನೆನೆದ ಧಾನ್ಯವನ್ನು ಅಳೆಯತೊಡಗಿದ.

1725ರಲ್ಲಿ ಸ್ಕಾಟ್ಲೆಂಡಿನಲ್ಲೂ ಇದನ್ನು ಜಾರಿಗೆ ತಂದಾಗ ಗ್ಲಾಸ್ಗೋ ನಗರ ಹೊತ್ತಿ ಉರಿಯಿತು. ತೆರಿಗೆಯನ್ನು ಬೆಂಬಲಿಸಿದನೆಂದು ಸಂಸದ ಡೇನಿಯಲ್ ಕ್ಯಾಂಪ್‌ಬೆಲ್‌ನ ಮನೆಯನ್ನು ಜನ ಧ್ವಂಸ ಮಾಡಿದರು. ಸೈನಿಕರ ಗುಂಡಿಗೆ ಹಲವರು ಬಲಿಯಾದರು. ಕ್ಯಾಂಪ್‌ಬೆಲ್‌ಗೆ ದೊಡ್ಡ ಪರಿಹಾರವೇ ದಕ್ಕಿತು. ಆ ಹಣದ ಬಲದಿಂದ ಅವನು ಐಲಾ ದ್ವೀಪವನ್ನು ಕೊಂಡುಕೊಂಡ. ಅದೇ ಐಲಾ ಇಂದು ಮಾಲ್ಟ್ ವಿಸ್ಕಿಗೆ ಜಗತ್ಪ್ರಸಿದ್ಧವಾಗಿರುವುದು ಇತಿಹಾಸದ ಕುಚೋದ್ಯ!

ತೆರಿಗೆಯ ಪೆಟ್ಟು ಹೆಚ್ಚಾಗಿ ಬಿದ್ದದ್ದು ಕೂಲಿಕಾರರ ಮೇಲೆ. ಮಾಲ್ಟ್ ದುಬಾರಿಯಾಗಿ ಅವರ ಮನೆಯ ಬಿಯರ್ ನಿಂತಿತು, ಅದರ ಜಾಗಕ್ಕೆ ಚಹಾ ಬಂದಿತು ಎಂದು ಪತ್ರಕರ್ತ ವಿಲಿಯಂ ಕಾಬೆಟ್ ಸಿಡಿಮಿಡಿಗೊಂಡ. 1821–22ರಲ್ಲಿ ಹೊರಬಂದ ‘ಕಾಟೇಜ್ ಎಕಾನಮಿ’ಯಲ್ಲಿ ಅವನು ಬಡವರಿಗೆ ಮನೆಯಲ್ಲೇ ಬಿಯರ್ ತಯಾರಿಸುವ ಲೆಕ್ಕಾಚಾರವನ್ನು ವಿವರವಾಗಿ ಕೊಟ್ಟ.

ಸ್ವಾತಂತ್ರ್ಯ ಬಂತು, ವಿದ್ಯೆ?

1880ರಲ್ಲಿ ಗ್ಲಾಡ್‌ಸ್ಟನ್ ಸರ್ಕಾರ ಮಾಲ್ಟ್ ತೆರಿಗೆಯನ್ನು ರದ್ದುಪಡಿಸಿತು. ಆದರೆ ಬದಲಿಗೆ ಬಿಯರ್ ಮೇಲೆ ಸುಂಕ ಬಂತು. ಮನೆಯಲ್ಲಿ ತಯಾರಿಸುವವರಿಗೂ ಪರವಾನಗಿ ಬೇಕಾಯಿತು. ಆ ಕಟ್ಟು ಸಡಿಲವಾದದ್ದು 1963ರಲ್ಲಿ. ಅಷ್ಟು ಹೊತ್ತಿಗೆ ಮೊಳಕೆಯ ಕೆಲಸ ಕಾರ್ಖಾನೆಯ ದೊಡ್ಡ ಉರುಳೆ, ಪೆಟ್ಟಿಗೆಗಳ ಪಾಲಾಗಿತ್ತು. ಮನೆಯಲ್ಲಿ ಬಿಯರ್ ಮಾಡುವವರು ಹೆಚ್ಚಿದರೂ ಅವರಲ್ಲಿ ಬಹುಮಂದಿ ಅಂಗಡಿಯ ಮಾಲ್ಟನ್ನೇ ತರುತ್ತಾರೆ. ಬಕೆಟ್, ಜರಡಿ, ಒಲೆಗಳನ್ನು ಹೊಂದಿಸಿಕೊಂಡು ಬಾರ್ಲಿಯನ್ನು ತಾವೇ ಮೊಳೆಸುವ ಹವ್ಯಾಸಿಗಳು ಕೆಲವರೇ.

ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು 1965ರ ಅಬಕಾರಿ ಕಾಯ್ದೆಯಂತೆ ಅಪರಾಧ. ಮೊಳಕೆಗೆ ಮಾತ್ರ ಅಡ್ಡಿಯಿಲ್ಲ. ಬಾರ್ಲಿಯಲ್ಲಿ ನಡೆಯುವ ಕ್ರಿಯೆಯೇ ರಾಗಿಯಲ್ಲೂ ನಡೆಯುತ್ತದೆ. ಮೊಳಕೆ ರಾಗಿಯ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದಲೇ ಅದರ ಗಂಜಿ ತೆಳುವಾಗುತ್ತದೆ. ಹೆಚ್ಚು ಹಿಟ್ಟು ಬೆರೆಸಿದರೂ ಮಗು ಸಲೀಸಾಗಿ ನುಂಗುತ್ತದೆ. ಕಿಣ್ವದ ಹೆಸರು ಕೇಳದ ಅಜ್ಜಿಯರಿಗೂ ಈ ಹದ ಗೊತ್ತಿತ್ತು.

ಬಾರ್ಲಿಯ ವಿದ್ಯೆಯನ್ನು ಮನೆಯಿಂದ ಬಿಡಿಸಲು ಅಲ್ಲಿ 183 ವರ್ಷಗಳ ತೆರಿಗೆ ಬೇಕಾಯಿತು. ರಾಗಿಯ ವಿದ್ಯೆಯನ್ನು ಮರೆಸಲು ಅಷ್ಟೆಲ್ಲ ಬೇಡ. ಅಂಗಡಿಯ ಡಬ್ಬಿಯೊಂದೇ ಸಾಕು.