ಇಳಿತದ ಹೊತ್ತು

ಗೋಕರ್ಣಕ್ಕೆ ಹೋಗುವವರಲ್ಲಿ ಎರಡು ಬಗೆಯುಂಟು. ಮಹಾಬಲೇಶ್ವರನ ದರ್ಶನ ಮುಗಿಸಿ, ಕೋಟಿತೀರ್ಥದ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, ಅಂದೇ ಸಂಜೆಯ ಬಸ್ಸಿಗೆ ಹಿಂದಿರುಗುವವರು ಒಂದು ಬಗೆ. ಓಂ ಕಡಲತೀರದಲ್ಲಿ ಛಾಯಾಚಿತ್ರ ತೆಗೆಸಿಕೊಂಡು ಮುರ್ಡೇಶ್ವರದ ದಾರಿ ಹಿಡಿಯುವವರು ಇನ್ನೊಂದು ಬಗೆ. ಈ ಎರಡು ಗುಂಪಿಗೂ ಸೇರದೆ, ಒಂದು ಇಡೀ ಹಗಲನ್ನು ಕಾಲ್ನಡಿಗೆಗೂ ಹಕ್ಕಿಗಳಿಗೂ ಮೀಸಲಿಟ್ಟವರಿಗೆ ಅಲ್ಲಿ ಬೇರೆಯೇ ಒಂದು ಯಾತ್ರೆ ಕಾದಿದೆ. ಊರಿನ ದಕ್ಷಿಣಕ್ಕೆ ಹೊರಟು, ಗುಡ್ಡಗಳನ್ನೂ ಕೊಲ್ಲಿಗಳನ್ನೂ ಒಂದೊಂದಾಗಿ ದಾಟಿ, ಅಘನಾಶಿನಿ ನದಿ ಸಮುದ್ರವನ್ನು ಸೇರುವ ತದಡಿಯಲ್ಲಿ ಕೊನೆಗೊಳ್ಳುವ ಯಾತ್ರೆ ಅದು.

ಈ ಯಾತ್ರೆಗೆ ಕೈಗಡಿಯಾರಕ್ಕಿಂತ ಪಂಚಾಂಗವೇ ಹೆಚ್ಚು ಉಪಯುಕ್ತ. ಕಡಲಿನ ನೀರು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಆ ಹೊತ್ತು ಪ್ರತಿದಿನವೂ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದುಗೂಡಿ ಏರಿಳಿತಗಳೆರಡೂ ದೊಡ್ಡವಾಗುತ್ತವೆ. ಅಷ್ಟಮಿಯ ಸುಮಾರಿಗೆ ಅವು ತಗ್ಗುತ್ತವೆ. ಜನವರಿಯ ಒಂದು ಮುಂಜಾನೆ, ದೋಣಿಯ ಪಕ್ಕದಲ್ಲಿ ಬಲೆ ಬಿಡಿಸುತ್ತ ಕುಳಿತಿದ್ದ ಮುದುಕರೊಬ್ಬರನ್ನು ನಾನು ವಿಚಾರಿಸಿದೆ. ಅವರು ಗಂಟೆಯ ಲೆಕ್ಕವನ್ನೇ ಹೇಳಲಿಲ್ಲ. “ಇವತ್ತು ಪಾಡ್ಯ ಅಲ್ವಾ? ಊಟ ಮುಗಿಸಿ ನಿಧಾನ ಹೋಗಿ. ನೀರು ಇಳೀತದೆ, ಹಕ್ಕಿ ಬರ್ತವೆ” ಎಂದರು. ಚುರುಕಾದ ನಡೆಗಾರನು ಮೂರು ಗಂಟೆಗಳಲ್ಲಿ ಮುಗಿಸಬಲ್ಲ ದಾರಿಗೆ ನಾವು, ಅಂದರೆ ನಾನು, ನನ್ನ ಮಡದಿ ಮತ್ತು ಒಂಬತ್ತು ವರ್ಷದ ಮಗ, ಇಡೀ ದಿನವನ್ನು ಧಾರೆಯೆರೆದೆವು.

ಊರ ಕಡಲತೀರದ ದಕ್ಷಿಣ ತುದಿಯಲ್ಲಿ, ಬಂಡೆಯಿಂದ ಸಿಹಿನೀರು ಜಿನುಗುವ ರಾಮತೀರ್ಥದ ಬಳಿ ಮೆಟ್ಟಿಲೇರಿದರೆ ಮುರಕಲ್ಲಿನ ಬೋಳು ಗುಡ್ಡ. ಅದನ್ನು ದಾಟಿ ಇಳಿದರೆ ಕುಡ್ಲೆ. ಮತ್ತೊಂದು ಗುಡ್ಡದಾಚೆಗೆ, ಎರಡು ಅರ್ಧವೃತ್ತಗಳು ಕೂಡಿ ‘ಓಂ’ಕಾರದಂತೆ ತೋರುವ ತೀರ. ಜನಸಂದಣಿ ಅಲ್ಲಿಗೆ ಮುಗಿಯುತ್ತದೆ. ಮುಂದೆ ಅರ್ಧಚಂದ್ರ ತೀರಕ್ಕೆ ಹೋಗುವ ಕಾಲುದಾರಿಯ ಒಂದು ಮಗ್ಗುಲಲ್ಲಿ ಕುರುಚಲು ಕಾಡು, ಇನ್ನೊಂದು ಮಗ್ಗುಲಲ್ಲಿ ಕಡಿದಾದ ಬಂಡೆಯ ಕೆಳಗೆ ಅಲೆಗಳ ಮೊರೆತ. ಮಳೆಗಾಲದಲ್ಲಿ ಈ ದಾರಿ ಜಾರುತ್ತದೆ, ಕಡಲೂ ಕೆರಳಿರುತ್ತದೆ. ಆಗ ಇತ್ತ ಸುಳಿಯದಿರುವುದೇ ಲೇಸು.

ಗುಡ್ಡದ ನೆತ್ತಿಯಲ್ಲಿ ಮೊದಲು ಕಣ್ಣಿಗೆ ಬಿದ್ದವನು ಗರುಡ. ಕಾವಿ ಬಣ್ಣದ ಮೈ, ಶುಭ್ರವಾದ ಬಿಳಿಯ ತಲೆ ಮತ್ತು ಎದೆ. ಕರಾವಳಿಯ ಮಕ್ಕಳಿಗೆ ಇವನ ಪರಿಚಯ ಹೇಳಬೇಕಾಗಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವನಿಗಿಂತ ಬಹು ದೊಡ್ಡದಾದ ಹಕ್ಕಿಯೊಂದು, ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿದು, ಒಮ್ಮೆಯೂ ಬಡಿಯದೆ ನಮ್ಮ ತಲೆಯ ಮೇಲೆ ತೇಲಿತು. ಅದು ಬಿಳಿಹೊಟ್ಟೆಯ ಕಡಲ ಹದ್ದು. ಸಮುದ್ರದಂಚಿನ ಎತ್ತರದ ಮರಗಳಲ್ಲಿ ಕಡ್ಡಿಗಳನ್ನು ಒಟ್ಟಿ ಗೂಡು ಕಟ್ಟಿ, ಹಲವು ವರ್ಷ ಅದೇ ಗೂಡನ್ನೇ ದುರಸ್ತಿ ಮಾಡಿಕೊಂಡು ಸಂಸಾರ ಹೂಡುವ ಗೃಹಸ್ಥ ಪಕ್ಷಿ. ಕೆಳಗಿನ ಬಂಡೆಯ ಮೇಲೆ ಬೂದುಬಣ್ಣದ ಕಡಲ ಬಕವೊಂದು ಅಲೆ ಹಿಂಜರಿದಾಗ ಮುಂದೆ ಹೆಜ್ಜೆಯಿಟ್ಟು, ಅಲೆ ಬಂದಾಗ ಹಿಂದೆ ಸರಿದು, ನಾವು ಬುತ್ತಿಯ ಅವಲಕ್ಕಿ ಮುಗಿಸುವವರೆಗೂ ಬೇಸರಿಸದೆ ಬೇಟೆಯಾಡಿತು.

ಪ್ಯಾರಡೈಸ್ ಎಂದು ಕರೆಯುವ ಪುಟ್ಟ ತೀರವನ್ನು ದಾಟಿ, ಬೇಲೆಕಾನಿನಿಂದ ಮೋಟಾರು ರಸ್ತೆ ಹಿಡಿದು ತದಡಿಗೆ ಬಂದಾಗ ಮಧ್ಯಾಹ್ನ ಮೀರಿತ್ತು. ನದಿಯ ಅಗಲವೆಲ್ಲ ಇನ್ನೂ ನೀರು. ಹಕ್ಕಿಗಳು ದೂರದ ಮರಳ ದಿಣ್ಣೆಯ ಮೇಲೆ ಒಂಟಿಕಾಲಿನಲ್ಲಿ ಒತ್ತೊತ್ತಾಗಿ ನಿಂತು ಇಳಿತವನ್ನು ಕಾಯುತ್ತಿದ್ದವು. ಸೂರ್ಯ ಬೆನ್ನಿಗೆ ಬರುವಂತೆ ದಡದಲ್ಲಿ ಕುಳಿತು ನಾವೂ ಕಾದೆವು. ನೀರು ಸದ್ದಿಲ್ಲದೆ ಹಿಂಜರಿಯಿತು. ಕಂದು ಬಣ್ಣದ ಕೆಸರು ಮೊದಲು ಗೆರೆಯಾಗಿ, ಆಮೇಲೆ ಬಯಲಾಗಿ ತೆರೆದುಕೊಂಡಿತು. ದಿಣ್ಣೆ ಬರಿದಾಯಿತು, ಕೆಸರು ಜೀವಂತವಾಯಿತು.

ನೋಡುವವರಿಗೆ ಅದು ಗೊಂದಲ. ಆದರೆ ಒಳಗೊಂದು ಅಚ್ಚುಕಟ್ಟಾದ ಪಂಕ್ತಿಭೋಜನ. ಗಿಡ್ಡ ಕೊಕ್ಕು, ದೊಡ್ಡ ಕಣ್ಣುಗಳ ಪ್ಲವರ್ ಹಕ್ಕಿಗಳು ನಾಲ್ಕು ಹೆಜ್ಜೆ ಓಡಿ, ನಿಂತು, ಮೇಲ್ಪದರದಲ್ಲಿ ಕಂಡದ್ದನ್ನು ಹೆಕ್ಕುತ್ತವೆ. ಕೆಂಪು ಕಾಲಿನ ಗೊರವ ಅದಕ್ಕಿಂತ ಕೊಂಚ ಆಳಕ್ಕೆ ಚುಚ್ಚುತ್ತದೆ. ಕುಡುಗೋಲಿನಂತೆ ಬಾಗಿದ ನೀಳ ಕೊಕ್ಕಿನ ಕರ್ಲೂ, ಏಡಿ ಮತ್ತು ಹುಳುಗಳ ಬಿಲದ ತಳವನ್ನೇ ಮುಟ್ಟುತ್ತದೆ. ಒಂದರ ಎಲೆಗೆ ಇನ್ನೊಂದು ಕೈಹಾಕದ ಹಾಗೆ ಪ್ರಕೃತಿಯೇ ಕೊಕ್ಕುಗಳ ಅಳತೆ ಕೊಟ್ಟು ಬಡಿಸಿದೆ. ಈ ಅತಿಥಿಗಳಲ್ಲಿ ಬಹುಪಾಲು ದೂರದವರು. ಆ ಪ್ಲವರ್‌ಗಳು ಬೇಸಗೆಯಲ್ಲಿ ಟಿಬೆಟ್ ಮತ್ತು ಹಿಮಾಲಯದ ಎತ್ತರದ ಬಯಲುಗಳಲ್ಲಿ ಮರಿ ಮಾಡುತ್ತವೆ. ನದೀಮುಖದಲ್ಲಿ ತೇಲುತ್ತಿದ್ದ ಕಂದುತಲೆಯ ಕಡಲಕ್ಕಿಗಳು ಮಧ್ಯ ಏಷ್ಯದ ಎತ್ತರದ ಸರೋವರಗಳವು. ಬೇಸಗೆ ಕಾಲಿಡುವ ಹೊತ್ತಿಗೆ ಅವು ಮರಳಿ ಹೊರಡಬೇಕು. ಆ ಪಯಣದ ಬುತ್ತಿಯನ್ನು ಕೊಬ್ಬಿನ ರೂಪದಲ್ಲಿ ಮೈಯಲ್ಲೇ ಕಟ್ಟಿಕೊಳ್ಳಬೇಕು. ಕಟ್ಟಿಕೊಳ್ಳಲು ಸಿಗುವುದು ಇಳಿತದ ಕೆಲವು ಗಂಟೆಗಳು ಮಾತ್ರ.

ಆ ಗಂಟೆಗಳನ್ನು ಕಾದವರು ಹಕ್ಕಿಗಳಷ್ಟೇ ಅಲ್ಲ. ಬುಟ್ಟಿ ಹಿಡಿದ ಹೆಂಗಸರು ಮೊಣಕಾಲುದ್ದದ ನೀರಿಗಿಳಿದು ಬಳಚು ಹೆಕ್ಕತೊಡಗಿದರು. ಈ ಚಿಪ್ಪುಜೀವಿಯನ್ನು ನಂಬಿ ಇಲ್ಲಿ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಹಕ್ಕಿಗಳ ಗುಂಪು ಕಂಡ ನನ್ನ ಮಗ ಅವನ್ನೆಲ್ಲ ಒಮ್ಮೆಗೇ ಹಾರಿಸಿ ನೋಡುವ ಹುಮ್ಮಸ್ಸಿನಿಂದ ಎದ್ದು ನಿಂತ. ಬುಟ್ಟಿ ತುಂಬಿಕೊಂಡು ದಡಕ್ಕೆ ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ಅವನನ್ನು ನೋಡಿ, “ಓಡಿಸ್ಬೇಡ ಮಗಾ, ಅವೂ ಉಣ್ಲಿ. ನೀರು ಬಂದ್ರೆ ಅವಕ್ಕೂ ಇಲ್ಲ, ನಮಗೂ ಇಲ್ಲ” ಎಂದರು. ಹುಡುಗ ಕುಳಿತ. ಒಂದು ಗ್ರಂಥದ ವಿಷಯವನ್ನು ಆಕೆ ಎರಡು ಮಾತುಗಳಲ್ಲಿ ಮುಗಿಸಿದ್ದರು. ಸುಮ್ಮನೆ ಹಾರಿಸಿದ ಪ್ರತಿಯೊಂದು ಹಾರಾಟವೂ ಹಕ್ಕಿ ಕೂಡಿಟ್ಟ ಬುತ್ತಿಯಿಂದ ಒಂದು ತುತ್ತನ್ನು ಕಳೆಯುತ್ತದೆ.

ಈ ಅಳಿವೆಯ ಸಮೃದ್ಧಿಗೆ ಕಾರಣ ನದಿಯೇ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ ಬರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ನೆರೆಯ ಕಾಳಿ, ಶರಾವತಿಗಳು ಜಲಾಶಯಗಳಲ್ಲಿ ನಿಂತು ಬರುವಾಗ, ಈಕೆ ಘಟ್ಟದ ಮೆಕ್ಕಲನ್ನು ನೇರವಾಗಿ ಕಡಲ ಬಾಗಿಲಿಗೆ ತಂದು ಸುರಿಯುತ್ತಾಳೆ. ಆ ಮೆಕ್ಕಲಿನಲ್ಲಿ ಕಾಂಡ್ಲ ಬೆಳೆಯುತ್ತದೆ, ಸಿಗಡಿ ಮರಿಯಾಗುತ್ತದೆ. ಉಪ್ಪುನೀರನ್ನು ಸಹಿಸುವ ಕಗ್ಗ ಎಂಬ ಭತ್ತ ಗಜನಿ ಗದ್ದೆಗಳಲ್ಲಿ ತೆನೆಗಟ್ಟುತ್ತದೆ. ಉಷ್ಣವಿದ್ಯುತ್ ಸ್ಥಾವರ, ದೊಡ್ಡ ಬಂದರು ಎಂಬ ಪ್ರಸ್ತಾಪಗಳು ಈ ತೀರಕ್ಕೆ ಬಂದು ಜನರ ವಿರೋಧವನ್ನು ಎದುರಿಸಿವೆ. ನದಿಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಮಾತೂ ಕೇಳಿಬಂದಿದೆ. 2024ರಲ್ಲಿ ಈ ಅಳಿವೆಯನ್ನು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಗೌರವ ಬಂದಿತು, ನಿಜ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕೆಸರು ಉಳಿಯದು, ನದಿ ಹರಿದರೆ ಮಾತ್ರ ಉಳಿದೀತು.

ಹೋಗಬಯಸುವ ವಾಚಕರಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಪ್ರಶಸ್ತ. ಒಂದು ದುರ್ಬೀನು, ಟೊಪ್ಪಿಗೆ, ಬೇಕಾದಷ್ಟು ಕುಡಿಯುವ ನೀರು ಜೊತೆಗಿದ್ದರೆ ಸಾಕು. ಹಕ್ಕಿಗಳು ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿದವೆಂದರೆ ನೀವು ಬೇಕಾದದ್ದಕ್ಕಿಂತ ಹತ್ತಿರ ಬಂದಿದ್ದೀರಿ ಎಂದರ್ಥ, ಅಲ್ಲಿಯೇ ಕುಳಿತುಬಿಡಿ. ಅವುಗಳನ್ನು ಹತ್ತಿರಕ್ಕೆ ತರುವ ಕೆಲಸವನ್ನು ಕಡಲಿಗೆ ಬಿಡಿ. ನೀರು ಮತ್ತೆ ಏರುತ್ತ ಬಂದಂತೆ ಕೆಸರು ಕಿರಿದಾಗುತ್ತದೆ, ಹಕ್ಕಿಗಳು ತಾವಾಗಿಯೇ ದಡದತ್ತ ಸರಿಯುತ್ತವೆ; ಅಲುಗದೆ ಕುಳಿತವನ ಮುಂದೆಯೇ ಕೊನೆಯ ತುತ್ತನ್ನು ಹೆಕ್ಕಿ, ಒಟ್ಟಾಗಿ ಎದ್ದು, ದಿಣ್ಣೆಯ ಕಡೆಗೆ ಹಾರಿಹೋಗುತ್ತವೆ.