ಕಣ್ಣು ಕೊಟ್ಟ ಮೇಲೆ

ನೇತ್ರದಾನಕ್ಕೆ ಒಪ್ಪಿದ ಮನೆಗೆ ನೇತ್ರ ಬ್ಯಾಂಕಿನವರು ಫೋನಿನಲ್ಲೇ ಹೇಳುವ ಮೊದಲ ಮಾತು, ಫ್ಯಾನ್ ಆಫ್ ಮಾಡಿ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆಯಡಿ ದಿಂಬು ಕೊಡಿ. ದೊಡ್ಡಬಳ್ಳಾಪುರವಿರಲಿ, ಹೊಸಕೋಟೆಯ ಆಚೆಯ ಹಳ್ಳಿಯಿರಲಿ, ತಂಡ ಬರುವಷ್ಟರಲ್ಲಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಟಲ, ಒಣಗಬಾರದು. ಸಾವಾದ ಆರು ಗಂಟೆಯೊಳಗೆ ಅದನ್ನು ತೆಗೆಯಬೇಕು. ಇಷ್ಟು ಹಲವರಿಗೆ ಗೊತ್ತು. ಆಮೇಲೆ ಏನಾಗುತ್ತದೆ?

ಗಾಜಿನಷ್ಟು ತಿಳಿಯಾದ ಆ ಪಟಲ, ಸುತ್ತ ಬಿಳಿಗುಡ್ಡೆಯ ಸಣ್ಣ ಅಂಚಿನೊಂದಿಗೆ, ಗುಲಾಬಿ ಬಣ್ಣದ ದ್ರಾವಣ ತುಂಬಿದ ಪುಟ್ಟ ಬಾಟಲಿಗೆ ಇಳಿಯುತ್ತದೆ. ಬಣ್ಣ ಅಂದಕ್ಕಲ್ಲ, ಸೋಂಕು ತಗುಲಿ ದ್ರಾವಣ ಹುಳಿಯಾದರೆ ಅದು ಹಳದಿಗೆ ತಿರುಗುತ್ತದೆ. ಬಾಟಲಿ ಹೋಗುವುದು ಸುಮಾರು 4 ಡಿಗ್ರಿಯ ಫ್ರಿಜ್ಜಿಗೆ. ಅಲ್ಲಿರುವುದು ಸತ್ತ ಚರ್ಮವಲ್ಲ, ಜೀವಂತ ಅಂಗಾಂಶ.

ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ತೀರ ಒಳಗಿನ ಪದರ ಒಂದೇ ಸಾಲು ಜೀವಕೋಶಗಳದ್ದು. ಪಟಲಕ್ಕೆ ನುಗ್ಗುವ ನೀರನ್ನು ಹೊರಹಾಕಿ ಅದನ್ನು ತಿಳಿಯಾಗಿಡುವುದು ಈ ಕೋಶಗಳೇ. ತಣ್ಣಗಾದೊಡನೆ ಅವು ಕರೆಂಟು ಹೋದ ಮೋಟರಿನಂತೆ ನಿಂತುಬಿಡುತ್ತವೆ. ಕಾರ್ನಿಯಾ ನೀರು ಕುಡಿದು ಊದುತ್ತದೆ, ಒಳಗೆ ಸುಕ್ಕು ಮೂಡುತ್ತದೆ. ದ್ರಾವಣದಲ್ಲಿರುವ ಡೆಕ್ಸ್ಟ್ರಾನ್ ಆ ಊತವನ್ನು ತಡೆಹಿಡಿಯುತ್ತದೆ. ಹೊರಪದರವೂ ದಿನಗಳೆದಂತೆ ಉದುರುತ್ತದೆ. ಅದರ ಚಿಂತೆಯಿಲ್ಲ, ಕಸಿ ಪಡೆದವರ ಸ್ವಂತ ಕೋಶಗಳೇ ಅಲ್ಲಿ ಹಬ್ಬಿಕೊಳ್ಳುತ್ತವೆ. ಒಳಪದರ ಮಾತ್ರ ಹೋದರೆ ಹೋದಂತೆಯೇ. ಮನುಷ್ಯರಲ್ಲಿ ಅದು ಮತ್ತೆ ಹುಟ್ಟುವುದಿಲ್ಲ. ಹೀಗಾಗಿ ನೇತ್ರ ಬ್ಯಾಂಕಿನಲ್ಲಿ ಬಾಟಲಿಯನ್ನು ಕೋಣೆಯ ಬಿಸಿಗೆ ತಂದು, ಸ್ಪೆಕ್ಯುಲರ್ ಮೈಕ್ರೋಸ್ಕೋಪಿನಡಿ ಕೋಶಗಳನ್ನು ಎಣಿಸುತ್ತಾರೆ. ದೃಷ್ಟಿಗಾಗಿ ಮಾಡುವ ಕಸಿಗೆ ಚದರ ಮಿಲಿಮೀಟರಿಗೆ 2,000ಕ್ಕೂ ಹೆಚ್ಚು ಇರಬೇಕೆಂಬುದು ಸಾಮಾನ್ಯ ಅಳತೆ.

ಹಿಂದೆ ಇಡೀ ಕಣ್ಣುಗುಡ್ಡೆಯನ್ನೇ ತೇವದ ಡಬ್ಬಿಯಲ್ಲಿಟ್ಟು ಒಂದೆರಡು ದಿನದಲ್ಲಿ ಬಳಸಿ ಮುಗಿಸಬೇಕಿತ್ತು. 1974ರಲ್ಲಿ ಮೆಕೇರಿ ಮತ್ತು ಕಾಫ್ಮನ್ ಎಂಬವರ ದ್ರಾವಣ ಅದನ್ನು ನಾಲ್ಕು ದಿನಕ್ಕೆ ಎಳೆಯಿತು. ಈಗ ಮಧುರೈನ ಅರೋಲ್ಯಾಬ್ ತಯಾರಿಸುವ ಕಾರ್ನಿಸಾಲ್‌ನಂಥವುಗಳಲ್ಲಿ 14 ದಿನ ಇಡಬಹುದು. ಇಡಬಹುದು ಎಂದಮಾತ್ರಕ್ಕೆ ಇಟ್ಟುಕೊಂಡು ಕೂರಬೇಕೆಂದಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಏಳು ದಿನದೊಳಗೆ ಬಳಸಿದ ಕಾರ್ನಿಯಾಗಳಿಂದ ಮಾಡಿದ ಒಳಪದರದ ಕಸಿಗಳು ಮೂರು ವರ್ಷದ ನಂತರ ಶೇ 95.3ರಷ್ಟು ಉಳಿದಿದ್ದವು, 8ರಿಂದ 14 ದಿನದವು ಶೇ 92.1ರಷ್ಟು. ವ್ಯತ್ಯಾಸ ಸಣ್ಣದು, ಆದರೆ ಸುಳ್ಳಲ್ಲ.

ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ನೇತ್ರ ಬ್ಯಾಂಕ್ 1994ರಲ್ಲಿ ಶುರುವಾಯಿತು. 2006ರಲ್ಲಿ ಅಣ್ಣಾವ್ರು, ಅಂದರೆ ನಟ ರಾಜ್‌ಕುಮಾರ್, ಕೊಟ್ಟ ಮಾತಿನಂತೆ ಕಣ್ಣು ಕೊಟ್ಟೇ ಹೋದರು. 2021ರ ಅಕ್ಟೋಬರಿನಲ್ಲಿ ಅವರ ಮಗ ಅಪ್ಪು (ಪುನೀತ್ ರಾಜ್‌ಕುಮಾರ್) ತೀರಿಕೊಂಡಾಗ ಅಪ್ಪು ಅವರ ಎರಡು ಕಾರ್ನಿಯಾಗಳ ಮುಂಪದರ, ಹಿಂಪದರ ಬಿಡಿಸಿ ನಾಲ್ವರಿಗೆ ಕಸಿ ಮಾಡಿದರು. ಅಭಿಮಾನದ ಮಾತು ಬಿಡಿ, ಕಸುಬಿನ ದೃಷ್ಟಿಯಿಂದಲೂ ಅದು ದೊಡ್ಡ ಕೆಲಸ. ಎಲ್ಲ ಕಣ್ಣೂ ಹಾಗೆ ಹಂಚಲು ಬಾರದು. ಒಳಪದರ ಸೊರಗಿದ್ದರೆ ಮುಂಪದರವಷ್ಟೇ ಕೆಲಸಕ್ಕೆ ಬರುತ್ತದೆ.

ಕನ್ನಡಕ, ಶುಗರ್, ಬಿಪಿ, ಪೊರೆಯ ಆಪರೇಷನ್ ಯಾವುದೂ ದಾನಕ್ಕೆ ಸಾಮಾನ್ಯವಾಗಿ ಅಡ್ಡಿಯಲ್ಲ. ಪ್ರತಿಜ್ಞಾ ಪತ್ರಕ್ಕೆ ಸಹಿ ಹಾಕಿ ಬೀರುವಿನಲ್ಲಿಟ್ಟರೆ ಪ್ರಯೋಜನವಿಲ್ಲ. ಕೊನೆಗೆ ಒಪ್ಪಿಗೆ ಕೊಡಬೇಕಾದವರು ಮನೆಯವರು. ಅವರಿಗೆ ಈಗಲೇ ಹೇಳಿಡಿ, ನೇತ್ರ ಬ್ಯಾಂಕಿನ ನಂಬರನ್ನೂ ಅವರ ಮೊಬೈಲಿನಲ್ಲಿ ಸೇವ್ ಮಾಡಿಸಿ.