ಆಂಪ್ಲಿಫೈಯರ್ ಆಮೇಲೆ, ವೈರ್ ಮೊದಲು: ಗಾಡಿ ಸೌಂಡಿನ ಕರೆಂಟ್ ಲೆಕ್ಕ

ಇವತ್ತಿನ ಎಪಿಸೋಡ್ ಗಾಡಿಯೊಳಗ ಜೋರ್ ಸೌಂಡ್ ಹಾಕ್ಸೋರಿಗೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ಮದುವೆ ಗಾಡಿ ಇರಲಿ, ಜಾತ್ರೆಗೆ ಹೊಂಟ ಟ್ರ್ಯಾಕ್ಟರ್ ಇರಲಿ, ಮೊದಲು ಹಾಡು ಕೇಳಸ್ತದ, ಆಮೇಲೆ ಗಾಡಿ ಕಾಣಸ್ತದ. ವೂಫರ್ ಎಷ್ಟು ಇಂಚು, ಆಂಪ್ಲಿಫೈಯರ್ ಎಷ್ಟು ವ್ಯಾಟ್ ಅಂತ ತಾಸುಗಟ್ಟಲೆ ಮಾತಾಡ್ತೀವಿ. ವೈರ್ ಎಷ್ಟು ದಪ್ಪ ಅಂತ ಕೇಳೋರು ಭಾಳ ಕಡಿಮೆ. ಆದ್ರ ಗಾಡಿಗೆ ಬೆಂಕಿ ಹತ್ತೋ ಅಪಾಯ ಇರೋದು ಆ ವೈರಿನೊಳಗ. ಇನ್ನೂ ಸಾಲದ ಕಂತು ಮುಗಿಯದ ಗಾಡಿ ಆಗಿದ್ರಂತೂ ಇದನ್ನ ಪೂರ್ತಿ ಕೇಳ್ರಿ.

ಮೊದಲು ಜಮಾ-ಖರ್ಚು

ನಾನು ಓದಿದ್ದು ಬಿ.ಕಾಂ., ಹಂಗಾಗಿ ಲೆಕ್ಕದಿಂದನ ಶುರು ಮಾಡ್ತೀನಿ. ಗಾಡಿಯೊಳಗ ಅಲ್ಟರ್ನೇಟರ್ ಅಂದ್ರೆ ಆದಾಯ. ಬ್ಯಾಟರಿ ಅಂದ್ರೆ ಉಳಿತಾಯ ಖಾತೆ. ಹೆಡ್‌ಲೈಟ್, ಎಸಿ, ವೈಪರ್, ಆಂಪ್ಲಿಫೈಯರ್ ಎಲ್ಲಾ ಖರ್ಚು.

ಖರ್ಚು ಎಷ್ಟು ಅಂತ ತಿಳಿಯೋಕೆ ಆಂಪ್ಲಿಫೈಯರ್ ಡಬ್ಬಿ ಮೇಲೆ ದೊಡ್ಡ ಅಕ್ಷರದಾಗ ಬರೆದ ವ್ಯಾಟ್ ನೋಡಬ್ಯಾಡ್ರಿ. ‘ಆರ್‌ಎಂಎಸ್’ ಅಂತ ಸಣ್ಣದಾಗಿ ಬರೆದಿರೋ ಸಂಖ್ಯೆ ನೋಡ್ರಿ. ಅದು 500 ವ್ಯಾಟ್ ಅಂತ ಇಟ್ಕೊಳ್ರಿ. ಈಗಿನ ‘ಕ್ಲಾಸ್ ಡಿ’ ಆಂಪ್ಲಿಫೈಯರ್ ತಾನು ತಗೊಂಡ ಕರೆಂಟಿನಾಗ ಸುಮಾರು 80% ಮಾತ್ರ ಸ್ಪೀಕರಿಗೆ ಕೊಡ್ತದ, ಉಳಿದದ್ದು ಬಿಸಿಯಾಗಿ ಹೋಗ್ತದ. ಅಂದ್ರೆ ಗಾಡಿಯಿಂದ ಅದು ಎಳೆಯೋದು 625 ವ್ಯಾಟ್. ಅದನ್ನ 13 ವೋಲ್ಟಿನಿಂದ ಭಾಗಿಸಿದ್ರೆ ಸುಮಾರು 48 ಆಂಪಿಯರ್. ಹಾಡಿನುದ್ದಕ್ಕೂ ಇಷ್ಟು ಎಳೆಯೂದಿಲ್ಲ, ಖರೆ. ಆದ್ರ ಫುಲ್ ವಾಲ್ಯೂಮ್‌ನಾಗ ಒಂದೊಂದು ಬೇಸ್ ಹೊಡೆತಕ್ಕೂ ಈ ಮಟ್ಟಕ್ಕ ಹೋಗ್ತದ.

ಇನ್ನ ಆದಾಯ. ಸಣ್ಣ ಕಾರುಗಳ ಅಲ್ಟರ್ನೇಟರ್ ಸಾಮಾನ್ಯವಾಗಿ 60ರಿಂದ 90 ಆಂಪಿಯರ್‌ನದು. ಭಾಳಷ್ಟು ಟ್ರ್ಯಾಕ್ಟರುಗಳದ್ದು 35ರಿಂದ 45 ಅಷ್ಟ. ಅದೂ ಎಂಜಿನ್ ವೇಗವಾಗಿ ತಿರುಗುವಾಗ. ನಿಂತಲ್ಲೇ ಐಡಲ್‌ನಾಗ ಇದ್ರೆ ಅಷ್ಟು ಬರೂದಿಲ್ಲ. ಆದಾಯಕ್ಕಿಂತ ಖರ್ಚು ಹೆಚ್ಚಾದಾಗ ಕೊರತೆಯನ್ನ ಬ್ಯಾಟರಿ ತುಂಬ್ತದ. ರಾತ್ರಿ ಬೇಸ್ ಹೊಡೆದಾಗಲೆಲ್ಲ ಹೆಡ್‌ಲೈಟ್ ಮಂಕಾಗೂದು ಇದೇ ಕಾರಣಕ್ಕ. ಎಂಜಿನ್ ಬಂದ್ ಮಾಡಿ ಹಾಡು ಹಚ್ಚಿದ್ರಂತೂ ಆದಾಯ ಸೊನ್ನೆ, ಬರೀ ಖರ್ಚು.

ಕಾಲುವೆಯ ಕೊನೆಯ ಹೊಲ

ಈಗ ವೈರಿಗೆ ಬರೋಣ. ಮಲಪ್ರಭಾ ಕಾಲುವೆ ನೋಡಿದೋರಿಗೆ ಇದು ಲಗೂನ ತಿಳೀತದ. ಕಾಲುವೆ ಸಣ್ಣದಿದ್ರೆ, ಹೂಳು ತುಂಬಿದ್ರೆ, ಕೊನೆಯ ಹೊಲಕ್ಕ ನೀರು ಮುಟ್ಟೂದಿಲ್ಲ. ಬ್ಯಾಟರಿ ಮುಂದೆ ಬಾನೆಟ್ಟಿನಾಗ, ಆಂಪ್ಲಿಫೈಯರ್ ಹಿಂದೆ ಡಿಕ್ಕಿಯಾಗ. ನಡುವೆ ಸುಮಾರು 5 ಮೀಟರ್ ವೈರ್. ಆಂಪ್ಲಿಫೈಯರ್ ಕಾಲುವೆಯ ಕೊನೆಯ ಹೊಲ ಇದ್ದಂಗ.

ಮನೆ ವೈರಿಂಗಿಗೆ ಬಳಸೋ 4 ಚದರ ಮಿಲಿಮೀಟರ್ ತಾಮ್ರದ ವೈರಿನಾಗ 48 ಆಂಪಿಯರ್ ಹರಿಸಿದ್ರೆ, ಆ 5 ಮೀಟರಿನಾಗ ಸುಮಾರು 1 ವೋಲ್ಟ್ ಕಳೆದು ಹೋಗ್ತದ. ಕಳೆದದ್ದು ಎಲ್ಲಿ ಹೋತು? ಸುಮಾರು 50 ವ್ಯಾಟ್ ಬಿಸಿಯಾಗಿ ಆ ವೈರಿನೊಳಗ, ಕಾರ್ಪೆಟ್ ಕೆಳಗ. ಅದೇ 25 ಚದರ ಮಿಲಿಮೀಟರ್ ವೈರ್ ಹಾಕಿದ್ರೆ ಕಳೆಯೋದು 0.17 ವೋಲ್ಟ್, ಬಿಸಿ ಬರೀ 8 ವ್ಯಾಟ್.

ವೈರ್ ತಗೊಳ್ಳುವಾಗ ಇನ್ನೊಂದು ವಿಷಯ. ಅಗ್ಗದ ಕಿಟ್‌ಗಳಲ್ಲಿ ಭಾಳಷ್ಟು ‘ಸಿಸಿಎ’ ವೈರ್ ಇರ್ತಾವ. ಅಂದ್ರೆ ಒಳಗ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಹೊದಿಕೆ. ಒಂದು ಎಳೆಯನ್ನ ಬ್ಲೇಡಿನಿಂದ ಕೆರೆದು ನೋಡ್ರಿ, ಒಳಗ ಬೆಳ್ಳಗೆ ಕಂಡ್ರೆ ಅದು ಸಿಸಿಎ. ಅದೇ ಕೆಲಸಕ್ಕ ಇದು ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ದಪ್ಪ ಬೇಕಾಗ್ತದ.

ಗೇಟು ಕಾಲುವೆಯ ತಲೆಯಲ್ಲಿ ಇರಬೇಕು

ಇವತ್ತಿನ ಎಪಿಸೋಡಿನಾಗ ಒಂದೇ ಮಾತು ನೆನಪಿಡ್ತೀರಿ ಅಂದ್ರೆ ಇದನ್ನ ಇಡ್ರಿ: ಫ್ಯೂಸ್ ಇರೋದು ಆಂಪ್ಲಿಫೈಯರ್ ಕಾಯೋಕಲ್ಲ, ವೈರ್ ಕಾಯೋಕೆ. ಹಂಗಾಗಿ ಅದು ಬ್ಯಾಟರಿ ಪಕ್ಕದಾಗ ಇರಬೇಕು, ಹೆಚ್ಚಂದ್ರೆ 45 ಸೆಂಟಿಮೀಟರ್ ಒಳಗ.

ಯಾಕಂದ್ರೆ, ಬಾನೆಟ್ಟಿನಿಂದ ಒಳಗ ಬರುವಾಗ ವೈರ್ ಒಂದು ತಗಡಿನ ತೂತು ದಾಟ್ತದ. ನಮ್ಮ ಎರಿ ಹೊಲದ ದಾರಿಯೊಳಗ ಗಾಡಿ ಕುಲುಕಿ ಕುಲುಕಿ ಆ ತಗಡಿನ ಅಂಚು ವೈರಿನ ಸಿಪ್ಪೆ ಸವಿಸ್ತದ. ಇಲಿ ಕಡಿದ್ರೂ ಅದೇ ಪಾಡು. ಪಾಸಿಟಿವ್ ವೈರ್ ಬಾಡಿಗೆ ತಾಗಿದ ಕ್ಷಣಕ್ಕ ಬ್ಯಾಟರಿ ನೂರಾರು ಆಂಪಿಯರ್ ಸುರೀತದ. ಫ್ಯೂಸ್ ಡಿಕ್ಕಿಯೊಳಗ ಇದ್ರೆ ಅದಕ್ಕ ಈ ಸುದ್ದಿನೇ ಮುಟ್ಟೂದಿಲ್ಲ. ಕಾಲುವೆ ನಡುವೆ ಒಡೆದಾಗ ಕೊನೆಯ ಗೇಟು ಹಾಕಿ ಏನು ಉಪಯೋಗ? ತಲೆಯ ಗೇಟು ಹಾಕಬೇಕು.

ಮೇಲಿನ ಲೆಕ್ಕಕ್ಕ 60 ಆಂಪಿಯರ್ ಫ್ಯೂಸ್ ಸಾಕು. ತೂತಿಗೆ ರಬ್ಬರ್ ಬುಷ್ ಹಾಕಿಸ್ರಿ. ಸ್ಟೀರಿಯೋ ಹಿಂದಿನ ವೈರಿನಿಂದ ಆಂಪ್ಲಿಫೈಯರಿಗೆ ಕರೆಂಟ್ ಎಳಿಸಬ್ಯಾಡ್ರಿ. ಅಲ್ಲಿರೋದು 10–15 ಆಂಪಿಯರ್ ಲೈನು. ಫ್ಯೂಸ್ ಹಾರ್ತದ ಅಂತ ಅದಕ್ಕ ಬೆಳ್ಳಿ ಕಾಗದ, ತಂತಿ ಸುತ್ತಿದ್ರೆ ಕಾವಲುಗಾರನ್ನ ಕಟ್ಟಿಹಾಕಿ ಮನೆ ಬಾಗಿಲು ತೆರೆದಂಗ.

ಹೋದ ಕರೆಂಟ್ ವಾಪಸ್ಸೂ ಬರಬೇಕು

ಪಾಸಿಟಿವ್ ವೈರ್ ದಪ್ಪ ಹಾಕಿ, ನೆಗೆಟಿವ್ ಸಣ್ಣದು ಹಾಕಿದ್ರೆ ಕೆಲಸ ಅರ್ಧ. ಎರಡೂ ಒಂದೇ ದಪ್ಪ ಇರಲಿ. ನೆಗೆಟಿವ್ ಅರ್ಧ ಮೀಟರಿಗಿಂತ ಗಿಡ್ಡ ಇದ್ರೆ ಚಲೋ. ಬಾಡಿಯ ಬಣ್ಣ ಕೆರೆದು, ಹೊಳೆಯೋ ಲೋಹದ ಮ್ಯಾಲೆ ಬೋಲ್ಟ್ ಬಿಗಿಸಬೇಕು. ಮುಂದೆ ಇನ್ನೂ ಮೂರು ವೈರ್ ಬದಲಾಗಬೇಕು: ಅಲ್ಟರ್ನೇಟರಿನಿಂದ ಬ್ಯಾಟರಿ ಪಾಸಿಟಿವ್‌ಗೆ, ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ, ಎಂಜಿನ್ನಿನಿಂದ ಬಾಡಿಗೆ. ಕಂಪನಿ ಹಾಕಿದ್ದು ಗಾಡಿಯ ಮೂಲ ಖರ್ಚಿಗಷ್ಟ ಲೆಕ್ಕ ಹಾಕಿದ್ದು.

‘ಒಂದು ಕೆಪ್ಯಾಸಿಟರ್ ಹಾಕ್ಸು, ಎಲ್ಲಾ ಸರಿ ಹೋಗ್ತದ’ ಅಂತಾರ. 1 ಫ್ಯಾರಡ್ ಕೆಪ್ಯಾಸಿಟರ್ 13 ವೋಲ್ಟಿನಿಂದ 12ಕ್ಕೆ ಇಳಿಯುವಾಗ ಕೊಡೋ ಶಕ್ತಿ 12.5 ಜೂಲ್. ನಮ್ಮ 625 ವ್ಯಾಟಿಗೆ ಅದು ಸೆಕೆಂಡಿನ ಐವತ್ತನೇ ಒಂದು ಭಾಗ ಬಾಳ್ತದ. ಅದು ಕೈಗಡ, ಆದಾಯ ಅಲ್ಲ.

ಮಲ್ಟಿಮೀಟರ್ ಹೇಳೋ ಸತ್ಯ

ಯಾರ ಮಾತೂ ನಂಬಬೇಕಾಗಿಲ್ಲ, ಅಳೀರಿ. ಎಂಜಿನ್ ಚಾಲೂ ಇಟ್ಟು, ಹಾಡು ಜೋರ್ ಮಾಡಿ, ಮೊದಲು ಬ್ಯಾಟರಿಯ ಎರಡು ತುದಿ, ಆಮೇಲೆ ಆಂಪ್ಲಿಫೈಯರಿನ ಎರಡು ತುದಿ ಅಳೀರಿ. ಬ್ಯಾಟರಿಯಲ್ಲಿ 13.8, ಆಂಪ್ಲಿಫೈಯರಿನಲ್ಲಿ 12.8 ಬಂದ್ರೆ ತಪ್ಪು ವೈರಿನದ್ದು ಅಥವಾ ಜಾಯಿಂಟಿನದ್ದು. ಎರಡೂ ಕಡೆ 13ರ ಕೆಳಗೆ ಇಳೀತಿದ್ರೆ ಆದಾಯ ಸಾಲವಲ್ದು. ವಾಲ್ಯೂಮ್ ಇಳಿಸ್ರಿ, ಇಲ್ಲಾ ಸಣ್ಣ ಆಂಪ್ಲಿಫೈಯರ್ ತಗೊಳ್ರಿ.

ಹೊಸ ಗಾಡಿ ಇದ್ರೆ ವೈರ್ ಕತ್ತರಿಸೋ ಮೊದಲು ವಾರಂಟಿ ಷರತ್ತು ಓದ್ರಿ. ಇನ್ನ ಸೌಂಡ್ ಬಂತು ಅಂತ ರಾತ್ರಿಯೆಲ್ಲಾ ಹಚ್ಚೂದಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಜನವಸತಿ ಇರೋ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದ್ರೆ 10ರಿಂದ ಬೆಳಿಗ್ಗೆ 6.

ಬಜೆಟ್ 20 ಸಾವಿರ ಅಂದ್ರೆ ವೈರ್, ಫ್ಯೂಸ್, ಕೂಲಿ ರೊಕ್ಕ ಮೊದಲು ತೆಗೆದಿಟ್ಟು, ಉಳಿದದ್ದರಾಗ ಆಂಪ್ಲಿಫೈಯರ್ ಆರಿಸ್ರಿ. ಸೌಂಡ್ ಹಾಕ್ಸಬೇಕು ಅನ್ನೋ ಗೆಳೆಯಾ ಇದ್ರೆ ಅಂಗಡಿಗೆ ಹೋಗೋ ಮೊದಲು ಅವ್ನಿಗೆ ಇದನ್ನ ಕಳಿಸ್ರಿ. ಮುಂದಿನ ವಾರ ಸಿಗೋಣು.